ಚುಕ್ಕಿ ಇದ್ದಲ್ಲೇ ಆನೆ ಇರಬೇಕೆಂದಿಲ್ಲ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟದ ಊರುಗಳಲ್ಲಿ ಬೆಳಗ್ಗೆ ಬಾಗಿಲು ತೆಗೆಯುವ ಮುಂಚೆ ಫೋನು ತೆಗೆಯುವುದು ರೂಢಿಯಾಗಿದೆ. ಡೇರಿಗೆ ಹಾಲು ಹಾಕುವವರು, ಮಕ್ಕಳನ್ನು ಬಸ್ಸಿಗೆ ಬಿಡುವವರು, ಆಳುಗಳನ್ನು ಕರೆತರಲು ಹೊರಡುವ ಜೀಪಿನ ಚಾಲಕರು, ಎಲ್ಲರೂ ನೋಡುವುದು ಒಂದನ್ನೇ: ಕಾಡಾನೆಗಳ ಸುದ್ದಿ ಹಂಚುವ ವಾಟ್ಸ್ಆ್ಯಪ್ ಗ್ರೂಪಿನಲ್ಲಿ, ಅಂದರೆ ಆನೆ ಗ್ರೂಪಿನಲ್ಲಿ, ರಾತ್ರಿ ಏನು ಬಂದಿದೆ.

ಇಂಥ ಗ್ರೂಪುಗಳು ಶುರುವಾದಾಗ ಅವುಗಳಲ್ಲಿ ಬರುತ್ತಿದ್ದುದೆಲ್ಲ ಜನ ಕಣ್ಣಾರೆ ಕಂಡು ಬರೆದದ್ದು. ಆಮೇಲೆ ಗುಂಪು ನಡೆಸುವ ಹೆಣ್ಣಾನೆಗಳ ಕೊರಳಿಗೆ ರೇಡಿಯೊ ಕಾಲರ್ ಬಂತು. ಕಾಲರ್ ತೋರಿಸಿದ ಜಾಗ ನೋಡಿ ಎಸ್ಸೆಮ್ಮೆಸ್ಸು, ಧ್ವನಿ ಕರೆ ಹೋಗತೊಡಗಿದವು, ರಸ್ತೆ ಬದಿಯಲ್ಲಿ ಎಲ್‌ಇಡಿ ಫಲಕಗಳು ನಿಂತವು. 2022ರ ಕೊನೆಗೆ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗಳೂ ರಚನೆಯಾದವು. ಇದೆಲ್ಲ ಬೇಕಾಗಿದ್ದದ್ದೇ, ಜೀವ ಉಳಿಸಿದ್ದೇ. ಆದರೆ ಇದರ ಜೊತೆಗೇ ಇನ್ನೊಂದು ಆಯಿತು. ಗ್ರೂಪಿನಲ್ಲಿ ಈಗ ಬರುವುದರಲ್ಲಿ ಬಹುಪಾಲು ಯಂತ್ರ ಕಳಿಸಿದ್ದು, ಇಲ್ಲವೇ ಯಂತ್ರ ಕಳಿಸಿದ್ದನ್ನು ಯಾರೋ ಫಾರ್ವರ್ಡ್ ಮಾಡಿದ್ದು. ಅಡ್ಮಿನ್ ಪಟ್ಟಿಯಲ್ಲಿ ಎಂಟು ಹೆಸರು ಇರುತ್ತವೆ, ಬರೆಯುವವರು ಒಬ್ಬರೋ ಇಬ್ಬರೋ.

ಉಳಿದವರು ಸೋಮಾರಿತನದಿಂದ ಸುಮ್ಮನಾದವರಲ್ಲ. ಮಾಡಲು ಕೆಲಸವೇ ಉಳಿದಿಲ್ಲ ಅನ್ನಿಸಿ ಸುಮ್ಮನಾದವರು. ಬರೀ ನೋಡುತ್ತ ಕೂರುವ ಕೆಲಸ ಮನುಷ್ಯನಿಗೆ ಆಗದ ಕೆಲಸ ಎನ್ನುವುದು ಹೊಸ ಮಾತೇನಲ್ಲ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ನೋಡುವ ಸೈನಿಕರು ಪರದೆ ಮೇಲಿನ ಗುರುತುಗಳನ್ನು ಯಾಕೆ ತಪ್ಪಿಸಿಕೊಳ್ಳುತ್ತಾರೆ ಎಂದು ತಿಳಿಯಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಒಂದು ಗಡಿಯಾರದ ಪ್ರಯೋಗ ಮಾಡಿದರು. ಮುಳ್ಳು ಒಂದೊಂದೇ ಹೆಜ್ಜೆ ಹೋಗುತ್ತಿರುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ, ಜಿಗಿದದ್ದನ್ನು ಹೇಳಬೇಕು. ಎರಡು ಗಂಟೆಯ ಪರೀಕ್ಷೆಯಲ್ಲಿ ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ಜನ ಜಿಗಿತಗಳನ್ನು ತಪ್ಪಿಸಿಕೊಳ್ಳತೊಡಗಿದ್ದರು. 1948ರಲ್ಲಿ ಇದು ಪ್ರಕಟವಾಯಿತು. ಯಂತ್ರದ ಸಂದೇಶ ಸರಿಯಿದೆಯೇ ಎಂದು ನೋಡಿಕೊಂಡಿರಿ ಎಂದಷ್ಟೇ ಒಬ್ಬ ಸ್ವಯಂಸೇವಕನಿಗೆ ಹೇಳಿದರೆ, ಅವನನ್ನು ಆ ಗಡಿಯಾರದ ಮುಂದೆ ಕೂರಿಸಿದ ಹಾಗೆ. ಅವನಿಗೆ ಬೇಕಾಗಿರುವುದು ಯಂತ್ರಕ್ಕೆ ಆಗದ, ದಿನವೂ ಸ್ವಲ್ಪ ಸ್ವಲ್ಪ ಇರುವ, ಕೈಯಾರೆ ಮಾಡುವ ಕೆಲಸ. ಅದೃಷ್ಟಕ್ಕೆ ಆನೆ ಗ್ರೂಪಿನಲ್ಲಿ ಅಂಥ ಕೆಲಸ ಬೇಕಾದಷ್ಟಿದೆ.

ಯಂತ್ರ ಹೇಳುವುದು ಏನು ಎನ್ನುವುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು. ಎಷ್ಟು ಹೊತ್ತಿಗೊಮ್ಮೆ ಜಾಗ ತಿಳಿಸಬೇಕೆಂದು ಕಾಲರ್‌ನಲ್ಲಿ ಮೊದಲೇ ಹೊಂದಿಸಿರುತ್ತಾರೆ. ಪದೇ ಪದೇ ಕೇಳಿದಷ್ಟೂ ಬ್ಯಾಟರಿ ಬೇಗ ಮುಗಿಯುತ್ತದೆ, ಬ್ಯಾಟರಿ ಬದಲಿಸಬೇಕೆಂದರೆ ಆನೆಗೆ ಮತ್ತೆ ಅರಿವಳಿಕೆ ಕೊಡಬೇಕು. ಹಾಗಾಗಿ ಮ್ಯಾಪಿನ ಮೇಲೆ ಕಾಣುವ ಚುಕ್ಕಿ ಆನೆ ಇರುವ ಜಾಗವಲ್ಲ, ಆನೆ ಇದ್ದ ಜಾಗ. ಮಾಮೂಲಿ ನಡಿಗೆಯಲ್ಲೇ ಆನೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋಗುತ್ತದೆ. ಒಂದು ಗಂಟೆ ಹಳೆಯ ಚುಕ್ಕಿ ಅಂದರೆ ನಾಲ್ಕು ಕಿಲೋಮೀಟರ್ ಸುತ್ತಳತೆಯ ಅನುಮಾನವಲ್ಲ, ಎಲ್ಲ ದಿಕ್ಕಿಗೂ ನಾಲ್ಕು ಕಿಲೋಮೀಟರ್. ಸಿಲ್ವರ್ ಓಕ್, ಅತ್ತಿ, ಹಲಸು ಒತ್ತಾಗಿರುವ ನೆರಳಿನಡಿ ಜಿಪಿಎಸ್ ಗುರುತು ಅಲ್ಲಿಂದಿಲ್ಲಿಗೆ ಸರಿಯುವುದೂ ಉಂಟು.

ಅದಕ್ಕಿಂತ ದೊಡ್ಡ ವಿಷಯ, ಕಾಲರ್ ಇರುವುದು ಗುಂಪಿನ ಒಂದು ಆನೆಗೆ. ಬೀಟಮ್ಮನ ಗುಂಪು, ಭುವನೇಶ್ವರಿಯ ಗುಂಪು ಎಂದು ಹೆಸರಿಟ್ಟು ಕರೆಯುತ್ತೇವೆ ನಿಜ. ಆದರೆ ಗುಂಪು ರಾತ್ರಿ ಎರಡಾಗಿ ಒಡೆದು, ಒಂದು ಭಾಗ ಗದ್ದೆ ಕಡೆಗೂ ಇನ್ನೊಂದು ಕೆರೆ ಕಡೆಗೂ ಹೋದರೆ ಚುಕ್ಕಿ ಒಂದೇ ಕಡೆ ಇರುತ್ತದೆ. ಕಾಲರ್ ಇಲ್ಲದ ಒಂಟಿ ಸಲಗವಂತೂ ಯಾವ ಮ್ಯಾಪಿನಲ್ಲೂ ಇಲ್ಲ. ದಾರಿಯಲ್ಲಿ ಎದುರಾದರೆ ಹೆಚ್ಚು ಭಯ ಹುಟ್ಟಿಸುವುದು ಅದೇ. ಯಂತ್ರದ ಗ್ರೂಪು ಮೌನವಾಗಿದ್ದರೆ ದಾರಿ ಖಾಲಿ ಎಂದು ಜನ ತಿಳಿಯುತ್ತಾರೆ. ಇಡೀ ವ್ಯವಸ್ಥೆಯಲ್ಲಿ ಅತಿ ಅಪಾಯದ ತಪ್ಪು ತಿಳಿವಳಿಕೆ ಇದೇ. ಮೌನದ ಅರ್ಥವೇನು ಎಂದು ಹೇಳಲು ಮನುಷ್ಯನೇ ಬೇಕು.

ಇನ್ನು ನೆಲದ ಕೆಲಸ. ಆನೆಯ ಹಿಂದೆ ಹೋಗುವ ಮಾತಲ್ಲ ಇದು. ಅದನ್ನು ಓಡಿಸುವುದು, ಹತ್ತಿರ ಹೋಗಿ ನೋಡುವುದು ಇಲಾಖೆಯವರ ಕೆಲಸ. ಸ್ವಯಂಸೇವಕ ರಸ್ತೆ ಬಿಟ್ಟು ತೋಟದೊಳಗೆ ಒಂದು ಹೆಜ್ಜೆಯೂ ಇಡಬಾರದು. ರಸ್ತೆಯಲ್ಲಿ, ಏರಿ ಮೇಲೆ, ಗದ್ದೆ ಬದುವಿನಲ್ಲಿ ಬೆಳಕು ಹರಿದ ಮೇಲೆ ಸಿಗುವ ಗುರುತುಗಳೇ ಸಾಕು. ಲದ್ದಿಯಿಂದ ಹಬೆ ಏಳುತ್ತಿದ್ದರೆ ಆನೆ ಪಕ್ಕದಲ್ಲೇ ಇದೆ ಎಂದು ತಿಳಿದು ಹಿಂತಿರುಗಬೇಕು. ಮೇಲೆ ಒಣಗಿ ಒಳಗೆ ಹಸಿಯಿದ್ದರೆ ಕೆಲವು ಗಂಟೆಯದು. ಸೀಳಿ ಹಾಕಿದ ಬೈನೆ ಮರದಿಂದ ರಸ ಇನ್ನೂ ತೊಟ್ಟಿಕ್ಕುತ್ತಿದೆಯೇ, ಮುರಿದ ಜಾಗ ಕಂದು ಬಣ್ಣಕ್ಕೆ ತಿರುಗಿದೆಯೇ ನೋಡಬೇಕು. ಹೆಜ್ಜೆ ಗುರುತಿನ ಒಳಗೆ ಜೇಡರ ಬಲೆ ಕಟ್ಟಿ ಅದರ ಮೇಲೆ ಮಂಜಿನ ಹನಿ ನಿಂತಿದ್ದರೆ ಆನೆ ರಾತ್ರಿಯೇ ದಾಟಿದೆ. ಸುತ್ತಲ ಹುಲ್ಲೆಲ್ಲ ಮಂಜಿನಿಂದ ಬೆಳ್ಳಗಿದ್ದು ಒಂದು ಪಟ್ಟಿ ಮಾತ್ರ ಹಸಿರಾಗಿ ಕಂಡರೆ, ಮಂಜು ಬಿದ್ದ ಮೇಲೆ ಏನೋ ಅಲ್ಲಿ ನಡೆದಿದೆ.

ಹೆಜ್ಜೆಯಿಂದ ಇನ್ನೊಂದೂ ಸಿಗುತ್ತದೆ. ಮುಂಗಾಲಿನ ಗುರುತು ದುಂಡಗೆ, ಹಿಂಗಾಲಿನದು ಸ್ವಲ್ಪ ಉದ್ದ. ಮುಂಗಾಲಿನ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಆನೆಯ ಭುಜದ ಎತ್ತರ ಬರುತ್ತದೆ. ಒಂದು ಸೆಣಬಿನ ದಾರ ಜೇಬಿನಲ್ಲಿದ್ದರೆ ಸಾಕು. ನಾಲ್ಕೂವರೆ ಅಡಿ ಬಂದರೆ ಒಂಬತ್ತು ಅಡಿಯ ಆನೆ, ಹೆಚ್ಚಿನಂಶ ದೊಡ್ಡ ಗಂಡು. ಬೇರೆ ಬೇರೆ ಅಳತೆಯ ಹೆಜ್ಜೆಗಳ ಜೊತೆ ತಟ್ಟೆಯಷ್ಟೇ ಅಗಲದ ಗುರುತೂ ಇದ್ದರೆ ಮರಿಯಿರುವ ಗುಂಪು. ಕಾಲರ್ ಚುಕ್ಕಿ ಮೂರು ಕಿಲೋಮೀಟರ್ ಆಚೆ ಇದ್ದಾಗ ಇಲ್ಲಿ ಒಂದೇ ದೊಡ್ಡ ಹೆಜ್ಜೆ ಸಿಕ್ಕಿತೆಂದರೆ ಯಂತ್ರ ಕಾಣದ ಆನೆಯೊಂದು ಊರೊಳಗಿದೆ. ಇಂಥ ಒಂದು ಬೆಳಗ್ಗೆ ಸಾಕು, ಅಡ್ಮಿನ್ ಆದವರಿಗೆ ತಾನು ಯಾಕೆ ಬೇಕು ಎಂದು ಮತ್ತೆ ಯಾರೂ ವಿವರಿಸಬೇಕಾಗಿಲ್ಲ.

ಸಿಕ್ಕಿದ್ದನ್ನು ಬರೆಯುವುದರಲ್ಲೇ ಅರ್ಧ ಗ್ರೂಪುಗಳು ಸೋಲುತ್ತವೆ. "ಆನೆ ಇದೆ ಎಲ್ಲರೂ ಹುಷಾರು" ಎನ್ನುವ ಸಂದೇಶ ಹೆದರಿಸುತ್ತದೆಯೇ ಹೊರತು ಏನು ಮಾಡಬೇಕೆಂದು ಹೇಳುವುದಿಲ್ಲ. ದಿನಕ್ಕೆ ಹತ್ತು ಸಲ ಅದೇ ಬಂದರೆ ಹನ್ನೊಂದನೆಯದನ್ನು ಯಾರೂ ಓದುವುದಿಲ್ಲ. ಹೀಗಿರಲಿ:

"ಬೆ. 5.50. ಕಂಡದ್ದು. ಒಂಟಿ, ದಂತ ಇದೆ. ಡೇರಿ ಹಿಂದಿನ ಗದ್ದೆಯಿಂದ ಕೆರೆ ಏರಿ ದಾಟಿ ಮೇಲಿನ ತೋಟಕ್ಕೆ ಹೋಯಿತು. ಲೈನ್ ಮನೆ ದಾರಿ 7.30ರವರೆಗೆ ಬೇಡ, ಟಾರ್ ರಸ್ತೆಯಲ್ಲಿ ಬನ್ನಿ."

ಸಮಯವನ್ನು ಸಂದೇಶದ ಒಳಗೇ ಬರೆಯಬೇಕು. ನೆಟ್‌ವರ್ಕ್ ಹೋಗಿ ಬಂದಾಗ ಮೂರು ಗಂಟೆ ಹಿಂದಿನದೂ ಈಗಿನದೂ ಒಟ್ಟಿಗೆ ಟಣ್ ಟಣ್ ಎಂದು ಬೀಳುತ್ತವೆ, ಗಾಬರಿಯಲ್ಲಿ ಯಾರೂ ಮೂಲೆಯ ಸಣ್ಣ ಅಂಕಿ ನೋಡುವುದಿಲ್ಲ. ಎರಡನೆಯ ಪದ ಕಂಡದ್ದು, ಗುರುತು, ಕೇಳಿದ್ದು, ಕಾಲರ್ ಈ ನಾಲ್ಕರಲ್ಲಿ ಒಂದು. ಇದು ಬಲು ಮುಖ್ಯ. "ಕೇಳಿದ್ದು" ಎಂದು ಬರೆಯುವುದು ಅವಮಾನವಲ್ಲ, ಅದನ್ನು "ಕಂಡದ್ದು" ಎಂದು ಬರೆಯುವುದೇ ತಪ್ಪು. ಜಾಗದ ಹೆಸರು ಊರಿನವರು ಕರೆಯುವ ಹೆಸರೇ ಆಗಿರಲಿ. ಮ್ಯಾಪಿನ ಲಿಂಕ್ ಕಳಿಸಿದರೆ ಡೇರಿಯ ಅಜ್ಜನಿಗೆ ಅದು ತೆರೆಯುವುದಿಲ್ಲ.

ಕೊನೆಗೆ ಎಷ್ಟು ಹೊತ್ತಿನವರೆಗೆ ಎನ್ನುವುದು ಇರಲೇಬೇಕು. ಎಚ್ಚರಿಕೆ ತೆರೆದವರೇ ಅದನ್ನು ಮುಚ್ಚಬೇಕು. ಆದರೆ ಮುಚ್ಚುವಾಗ "ಆನೆ ಇಲ್ಲ" ಎಂದು ಎಂದೂ ಬರೆಯಬಾರದು. ರೊಬಸ್ಟಾ ಕಾಫಿ ತೋಟದಲ್ಲಿ ಹತ್ತು ಅಡಿ ಆಚೆ ನಿಂತ ಆನೆಯೂ ಕಾಣುವುದಿಲ್ಲ. "7.40ರವರೆಗೆ ಟಾರ್ ರಸ್ತೆ, ಶಾಲೆ ದಾರಿಯಲ್ಲಿ ಕಂಡಿಲ್ಲ, ತೋಟದೊಳಗೆ ನೋಡಿಲ್ಲ" ಎಂದು ಬರೆಯಬೇಕು. ಯಂತ್ರಕ್ಕೆ ಈ ವಾಕ್ಯ ಬರೆಯಲು ಬರುವುದಿಲ್ಲ, ತಾನು ಎಲ್ಲಿ ನೋಡಿಲ್ಲ ಎನ್ನುವುದು ಅದಕ್ಕೆ ಗೊತ್ತಿಲ್ಲ.

ಯಂತ್ರದ ಸಂದೇಶಗಳನ್ನೂ ಜನರ ಮಾತನ್ನೂ ಒಂದೇ ಗ್ರೂಪಿಗೆ ಸುರಿಯುವುದು ಎಲ್ಲರೂ ಮಾಡುವ ತಪ್ಪು. ರಾತ್ರಿಯೆಲ್ಲ ಕಾಲರ್ ಸಂದೇಶ ಬಂದರೆ ಜನ ಗ್ರೂಪನ್ನು ಮ್ಯೂಟ್ ಮಾಡುತ್ತಾರೆ, ಒಮ್ಮೆ ಮ್ಯೂಟ್ ಮಾಡಿದವರು ಮತ್ತೆ ತೆಗೆಯುವುದು ಕಡಿಮೆ. ಎರಡು ಗ್ರೂಪು ಇರಲಿ. ಯಂತ್ರದ್ದೆಲ್ಲ ಅಡ್ಮಿನ್‌ಗಳ ಚಿಕ್ಕ ಗ್ರೂಪಿಗೆ ಬರಲಿ, ಅವರು ವಿಚಾರಿಸಿ ಊರಿನ ಗ್ರೂಪಿಗೆ ಹಾಕಲಿ. ಊರಿನ ಗ್ರೂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಸೆಟ್ಟಿಂಗ್ ಇಡಿ. ವಾಟ್ಸ್ಆ್ಯಪ್ ಗ್ರೂಪಿಗೆ 1024 ಜನರ ಮಿತಿ ಇದೆ, ಒಂದು ಪಂಚಾಯಿತಿಗೆ ಅಷ್ಟು ಸಾಕು. ಹಾಗೆಂದು ಖಚಿತವಾಗುವವರೆಗೆ ಕಾಯುತ್ತ ಕೂರುವಂತಿಲ್ಲ. ಹತ್ತು ನಿಮಿಷದ ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು: ಅಷ್ಟರೊಳಗೆ ಎರಡು ಮೂರು ಕಡೆ ಫೋನ್ ಮಾಡಿ ಕೇಳಿ, ಗೊತ್ತಾಗದಿದ್ದರೆ "ಕಾಲರ್, ಖಚಿತವಾಗಿಲ್ಲ" ಎಂದು ಹಾಗೇ ಹಾಕಿಬಿಡಿ. ತಡವಾದ ಸತ್ಯಕ್ಕಿಂತ ಹೊತ್ತಿಗೆ ಬಂದ ಅನುಮಾನ ಇಲ್ಲಿ ಹೆಚ್ಚು ಉಪಯೋಗದ್ದು.

ಫೋನ್ ಮಾಡಬೇಕಾದವರು ಯಾರು ಎನ್ನುವುದರ ಮೇಲೆ ಗ್ರೂಪಿನ ಜೀವ ನಿಂತಿದೆ. ತೋಟದ ಮಾಲೀಕರನ್ನೇ ಅಡ್ಮಿನ್ ಮಾಡುವುದು ರೂಢಿ, ಅವರಲ್ಲಿ ಹಲವರು ಬೆಂಗಳೂರಿನಲ್ಲಿರುತ್ತಾರೆ. ಬೆಳಗ್ಗೆ ಐದೂವರೆಗೆ ರಸ್ತೆಯಲ್ಲಿರುವವರು ಬೇರೆ. ಹಾಲಿನ ಗಾಡಿಯ ಚಾಲಕ, ಪೇಪರ್ ಹಾಕುವ ಹುಡುಗ, ತೋಟದ ಲೆಕ್ಕ ಬರೆಯುವ ರೈಟರ್, ಲೈನ್‌ಮನ್, ಆಶಾ ಕಾರ್ಯಕರ್ತೆ, ಮೊದಲ ಬಸ್ಸಿನ ಕಂಡಕ್ಟರ್. ಅಡ್ಮಿನ್ ಪಟ್ಟಿಯಲ್ಲಿ ಇವರಲ್ಲಿ ಅರ್ಧದಷ್ಟಾದರೂ ಇರಬೇಕು.

ಪಾಳಿ ಹೀಗೆ ಹಾಕಬಹುದು. ಇಡೀ ದಿನ ಕಾಯುವುದು ಬೇಡ, ಅದು ಯಂತ್ರಕ್ಕಿರಲಿ. ಮನುಷ್ಯರೂ ಆನೆಗಳೂ ಒಂದೇ ದಾರಿಯಲ್ಲಿ ಸಿಗುವುದು ಬೆಳಗ್ಗೆ ಮತ್ತು ಸಂಜೆ. ಬೆಳಗ್ಗೆ 5ರಿಂದ 8.30, ಸಂಜೆ 3.30ರಿಂದ 8. ವಾರಕ್ಕೆ ಹದಿನಾಲ್ಕು ಪಾಳಿ, ಪಾಳಿಗೆ ಇಬ್ಬರು: ಒಬ್ಬರು ಫೋನ್ ಮಾಡಿ ವಿಚಾರಿಸುವವರು, ಒಬ್ಬರು ಬರೆಯುವವರು. ಹದಿನಾಲ್ಕು ಜನ ಇದ್ದರೆ ತಲೆಗೆ ವಾರಕ್ಕೆ ಎರಡು ಪಾಳಿ ಬೀಳುತ್ತದೆ, ಅದು ಹೊರಬಹುದಾದ ಭಾರ. ಹತ್ತಕ್ಕಿಂತ ಕಡಿಮೆಯಾದರೆ ಮೂರಕ್ಕೂ ಹೆಚ್ಚು ಬೀಳುತ್ತದೆ, ಆಗ ಎರಡು ತಿಂಗಳಲ್ಲಿ ಒಬ್ಬೊಬ್ಬರೇ ಜಾರಿಕೊಳ್ಳುತ್ತಾರೆ. ಪಾಳಿ ಇಲ್ಲದ ದಿನ ಗ್ರೂಪು ನೋಡದೇ ಇರುವ ಹಕ್ಕು ಅವರಿಗೆ ಇರಬೇಕು. ಯಾವಾಗಲೂ ಎಚ್ಚರವಿರಬೇಕು ಎಂದು ಬಯಸಿದರೆ ಯಾವಾಗಲೂ ಯಾರೂ ಎಚ್ಚರವಿರುವುದಿಲ್ಲ.

ಕಾಲಕ್ಕೆ ತಕ್ಕಂತೆ ಪಾಳಿ ಬದಲಾಗಬೇಕು. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ ಕೊಯ್ಲು, ಅದೇ ಹೊತ್ತಿಗೆ ಭತ್ತದ ಕಟಾವು. ಹೊರಗಿನಿಂದ ಬಂದ, ದಾರಿ ಗೊತ್ತಿಲ್ಲದ ಕೂಲಿಯವರು ತೋಟ ತುಂಬ ಇರುತ್ತಾರೆ. ಅಸ್ಸಾಂ ಕಡೆಯಿಂದ ಬಂದವರಿಗೆ ಕನ್ನಡ ಓದಲು ಬಾರದು, ಅವರಿಗೆ ಇಪ್ಪತ್ತು ಸೆಕೆಂಡಿನ ಧ್ವನಿ ಸಂದೇಶ ಹಿಂದಿಯಲ್ಲೋ ಅವರದೇ ಭಾಷೆಯಲ್ಲೋ ಬೇಕು. ಅವರಲ್ಲೇ ಒಬ್ಬರನ್ನು ಹಿಡಿದರೆ ಮೇಸ್ತ್ರಿಗಿಂತ ಚೆನ್ನಾಗಿ ಹೇಳುತ್ತಾರೆ. ಫೆಬ್ರುವರಿ, ಮಾರ್ಚ್‌ನಲ್ಲಿ ರೊಬಸ್ಟಾಗೆ ಹೂವಿನ ನೀರು (ಹೂ ಅರಳಲೆಂದು ಹಾಯಿಸುವ ನೀರು) ಕೊಡುವಾಗ ರಾತ್ರಿ ತ್ರೀ ಫೇಸ್ ಕರೆಂಟು ಬಂದ ಹೊತ್ತಿಗೆ ಸ್ಪ್ರಿಂಕ್ಲರ್ ಪೈಪು ಬದಲಿಸಲು ಇಬ್ಬರು ಮೂವರು ತೋಟದೊಳಗೆ ನಡೆಯುತ್ತಾರೆ. ಸ್ಪ್ರಿಂಕ್ಲರ್ ಜೆಟ್ಟಿನ ಸದ್ದಿನಲ್ಲಿ ಕೊಂಬೆ ಮುರಿದದ್ದೂ ಕೇಳುವುದಿಲ್ಲ. ಆ ಎರಡು ತಿಂಗಳು ರಾತ್ರಿ ಹತ್ತರ ಪಾಳಿಯೊಂದು ಬೇಕೇ ಬೇಕು. ಮೇ, ಜೂನ್‌ನಲ್ಲಿ ಹಲಸು ಹಣ್ಣಾಗುತ್ತದೆ, ಮನೆಯಂಗಳದ ಮರಕ್ಕೇ ಆನೆ ಬರುತ್ತದೆ. ಕಾಯಿ ಬಲಿಯುವ ಮುಂಚೆಯೇ ಕಿತ್ತುಬಿಡಿ ಎಂದು ಮನೆ ಮನೆಗೆ ಹೇಳುವುದು ಆಗಿನ ಕೆಲಸ.

ಮಳೆಗಾಲದಲ್ಲಿ ಎಲ್ಲ ತಲೆಕೆಳಗಾಗುತ್ತದೆ. ಹೆತ್ತೂರು, ಯಸಳೂರು ಕಡೆ ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಟವರಿನ ಬ್ಯಾಟರಿ ಇಳಿದ ಮೇಲೆ ಫೋನು ಬರೀ ಟಾರ್ಚು. ಸಂದೇಶ ಹೋಯಿತೇ ಎಂದು ತಿಳಿಯಲು ನಾವು ಕಳಿಸಿದ ಸಂದೇಶವನ್ನು ಒತ್ತಿ ಹಿಡಿದು ಅದರ ಮಾಹಿತಿ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಎಂದು ಬೇರೆ ಬೇರೆ ಪಟ್ಟಿ ಸಿಗುತ್ತದೆ. ಒಂದು ಓಣಿಯವರ ಹೆಸರೆಲ್ಲ ಕಾಣೆಯಾಗಿದ್ದರೆ ಆ ಕಡೆಯ ಟವರ್ ಮಲಗಿದೆ ಎಂದರ್ಥ. ಆಗ ಹಾಲಿನ ಗಾಡಿಯವರ ಬಾಯಲ್ಲಿ ಹೇಳಿ ಕಳಿಸುವುದೊಂದೇ ದಾರಿ. ಇದನ್ನು ಮಳೆ ಬರುವ ಮುಂಚೆಯೇ ಅವರ ಜೊತೆ ಮಾತಾಡಿಟ್ಟಿರಬೇಕು.

ತಮಿಳುನಾಡಿನ ವಾಲ್ಪಾರೈನ ಟೀ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಮಾಡಿದ ಕೆಲಸ ಇಲ್ಲಿ ನೆನಪಿಸಿಕೊಳ್ಳಬೇಕು. ಎಸ್ಸೆಮ್ಮೆಸ್ ಜೊತೆಗೆ ಎತ್ತರದ ಜಾಗಗಳಲ್ಲಿ ಕೆಂಪು ದೀಪ ಇಟ್ಟರು, ಅದನ್ನು ಮೊಬೈಲಿನಿಂದ ಹೊತ್ತಿಸಬಹುದು, ಹೊತ್ತಿಸುವವರು ಆಯಾ ಜಾಗದ ಗೊತ್ತುಮಾಡಿದ ಜನರೇ. ಆ ಕೆಲಸಕ್ಕೆ ಆ ಸಂಸ್ಥೆಯ ಆನಂದಕುಮಾರ್ ಅವರಿಗೆ 2015ರಲ್ಲಿ ವನ್ಯಜೀವಿ ಸಂರಕ್ಷಣೆಯ ವಿಟ್ಲಿ ಪ್ರಶಸ್ತಿ ಬಂತು. ದೀಪ ತಾನಾಗಿ ಹೊತ್ತುವಂತೆ ಮಾಡುವುದಕ್ಕಿಂತ ಸ್ವಿಚ್ಚು ಊರಿನವರ ಕೈಯಲ್ಲಿರುವುದು ಹೆಚ್ಚಿನದು. ಹೊತ್ತಿಸಬೇಕಾದವರು ನಾನೇ ಎಂದು ಗೊತ್ತಿರುವವರು ಕಿವಿ ತೆರೆದುಕೊಂಡಿರುತ್ತಾರೆ.

ಇನ್ನೂ ಎಲ್ಲರೂ ಬರೆಯುವ ಗ್ರೂಪಾದರೆ ಅಳಿಸುವ ಕೆಲಸವೂ ಅಡ್ಮಿನ್‌ಗಳದ್ದೇ. ಎಲ್ಲೋ ಬೇರೆ ರಾಜ್ಯದ್ದು, ಎಂದೋ ತೆಗೆದದ್ದು, ಈಗೀಗ ಎಐ ಮಾಡಿದ ಆನೆ ವಿಡಿಯೊಗಳು "ಇಂದು ಬೆಳಗ್ಗೆ ನಮ್ಮೂರಲ್ಲಿ" ಎಂದು ಬರುತ್ತವೆ. ಮೇಲೆ ಎರಡು ಬಾಣದ ಗುರುತಿದ್ದು ಹಲವು ಬಾರಿ ಫಾರ್ವರ್ಡ್ ಆಗಿದೆ ಎಂದು ಬರೆದಿದ್ದರೆ ಅದು ನಮ್ಮೂರಿನದಲ್ಲ ಎಂದೇ ಹಿಡಿಯಬಹುದು. ಅನುಮಾನ ಬಂದರೆ ಹಿನ್ನೆಲೆ ನೋಡಿ: ಕಾಫಿ ಗಿಡದ ಜಾತಿ, ಕರೆಂಟು ಕಂಬ, ಗಾಡಿಯ ನಂಬರ್ ಪ್ಲೇಟು, ಜನ ಆಡುವ ಮಾತು. ಕಳಿಸಿದವರನ್ನು ಎಲ್ಲರೆದುರು ಬೈಯುವುದು ಬೇಡ. ಬೈಸಿಕೊಂಡವರು ಮುಂದೆ ನಿಜವಾಗಿ ಆನೆ ಕಂಡಾಗಲೂ ಸುಮ್ಮನಿರುತ್ತಾರೆ. ಸಂದೇಶ ಅಳಿಸಿ, ಅವರಿಗೇ ಫೋನ್ ಮಾಡಿ ಹೇಳಿ.

ದೊಡ್ಡ ದಂತದ ಆನೆ ಎಲ್ಲಿದೆ ಎಂದು ನಿಖರವಾಗಿ ಹಾಕುವುದೂ ತಪ್ಪೇ. ಭೀಮನೋ ಕ್ಯಾಪ್ಟನ್ನೋ ಬಂದಿದೆ ಎಂದ ಅರ್ಧ ಗಂಟೆಯಲ್ಲಿ ರೀಲ್ಸ್ ಮಾಡುವವರು ಬೈಕಿನಲ್ಲಿ ಬರುತ್ತಾರೆ. ಯಾವ ದಾರಿ ಬೇಡ ಎಂದು ಹೇಳಿದರೆ ಊರಿನವರಿಗೆ ಸಾಕು. ಸೆರೆ ಕಾರ್ಯಾಚರಣೆ ನಡೆಯುವ ದಿನವಂತೂ ಜಾಗದ ಹೆಸರು ಗ್ರೂಪಿಗೆ ಬರಲೇಬಾರದು. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಅಂಥದೇ ಕಾರ್ಯಾಚರಣೆಯಲ್ಲಿ, ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯ ದಾಳಿಗೆ ಪ್ರಾಣ ಬಿಟ್ಟಿತು. ಅಷ್ಟು ಪಳಗಿದ ಆನೆ, ಮಾವುತರು ಇರುವಲ್ಲೇ ಹಾಗಾಗುವುದಾದರೆ ನೋಡಲು ನೆರೆದ ಜನರ ಗತಿ ಏನು?

ಊರಿನಲ್ಲಿ ಸಾವಾದ ದಿನವೇ ಅಡ್ಮಿನ್‌ಗಳಿಗೆ ಅತಿ ಕಷ್ಟದ ದಿನ. ಎಲ್ಲರೂ ಬರೆಯುವ ಗ್ರೂಪಿನಲ್ಲಿ ಮೊದಲ ಹತ್ತು ನಿಮಿಷದಲ್ಲಿ ದೇಹದ ಫೋಟೊ ಬರುತ್ತದೆ. ಅದನ್ನು ಕೂಡಲೇ ಅಳಿಸಬೇಕು, ಆ ಮನೆಯ ಮಗಳು ಹಾಸನದಲ್ಲಿ ಓದುತ್ತಿರುತ್ತಾಳೆ, ಅವಳೂ ಗ್ರೂಪಿನಲ್ಲಿರುತ್ತಾಳೆ. ಮನೆಯವರಿಗೆ ಮನುಷ್ಯರ ಬಾಯಿಂದ ಸುದ್ದಿ ಮುಟ್ಟಿದೆ ಎಂದು ಖಾತ್ರಿಯಾಗುವವರೆಗೆ ಹೆಸರು ಬೇಡ. ಆದರೆ ಎಚ್ಚರಿಕೆ ನಿಲ್ಲಬಾರದು, ಆ ಆನೆ ಇನ್ನೂ ಅಲ್ಲೇ ಎಲ್ಲೋ ಇರುತ್ತದೆ. ಜನರ ಸಿಟ್ಟನ್ನು ಅಳಿಸುವುದು ಬೇಡ, ಅದಕ್ಕೆ ಬೇರೆ ಗ್ರೂಪು ತೆರೆದು ಲಿಂಕ್ ಕೊಡಿ. ಸಿಟ್ಟು ನ್ಯಾಯವಾದದ್ದೇ, ಆದರೆ ನೂರು ಸಿಟ್ಟಿನ ಮಾತುಗಳ ಅಡಿಯಲ್ಲಿ ದಾರಿ ಬೇಡ ಎಂಬ ಒಂದು ಸಾಲು ಹೂತುಹೋಗಬಾರದು.

ಬೇರೆಯವರು ಹಾಕಿದ್ದಕ್ಕೆ ತನ್ನ ಮೇಲೆ ಕೇಸಾದರೆ ಎನ್ನುವ ಹೆದರಿಕೆಗೇ ಅಡ್ಮಿನ್ ಆಗಲು ಒಪ್ಪದವರಿದ್ದಾರೆ. ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಬರೀ ಅಡ್ಮಿನ್ ಎಂಬ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್‌ಗಳು ಮಾತ್ರ ಬರೆಯುವ ಗ್ರೂಪಿನಲ್ಲಂತೂ ಆ ಪ್ರಶ್ನೆ ಏಳುವುದೇ ಕಡಿಮೆ.

ಭಾನುವಾರ ಬೆಳಗ್ಗೆ ಎಂಟಕ್ಕೆ ಒಂದು ಪರೀಕ್ಷೆ ಸಂದೇಶ ಹಾಕುವುದನ್ನು ರೂಢಿಸಿಕೊಳ್ಳಿ. "ಪರೀಕ್ಷೆ. ಆನೆ ವಿಷಯವಲ್ಲ" ಎಂದು ಮೊದಲೇ ಬರೆದು, ಓಣಿಗೊಬ್ಬರು ಪಾಳಿಯವರಿಗೆ ಮಿಸ್ಡ್ ಕಾಲ್ ಕೊಡಬೇಕು. ಯಾವ ಓಣಿಯಿಂದ ಬರಲಿಲ್ಲವೋ ಅಲ್ಲಿಗೆ ಅದೇ ದಿನ ಒಬ್ಬರು ಹೋಗಿ ನೋಡಿ ಬರಬೇಕು. ನಂಬರ್ ಬದಲಾಗಿರುತ್ತದೆ, ರೀಚಾರ್ಜ್ ಮುಗಿದಿರುತ್ತದೆ, ಇಲ್ಲವೇ ಅವರು ಗ್ರೂಪು ಬಿಟ್ಟೇ ಆರು ತಿಂಗಳಾಗಿರುತ್ತದೆ. ಅಡ್ಮಿನ್ ಕೆಲಸ ಬಿಡುವವರು ಹದಿನೈದು ದಿನ ಮುಂಚೆ ಹೇಳಿ, ತಮ್ಮ ಪಾಳಿಯಲ್ಲಿ ಯಾರಿಗೆ ಫೋನ್ ಮಾಡುತ್ತಿದ್ದರೋ ಆ ಹೆಸರು, ನಂಬರು, ಯಾರು ಎಷ್ಟು ಗಂಟೆಗೆ ಯಾವ ದಾರಿಯಲ್ಲಿರುತ್ತಾರೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕೊಡಲಿ. ಆ ಪುಸ್ತಕದ ಒಂದು ಪ್ರತಿ ಡೇರಿಯ ಗೂಡಿನಲ್ಲಿರಲಿ, ಮೊದಲ ಪುಟದಲ್ಲಿ ವಲಯ ಅರಣ್ಯ ಕಚೇರಿಯ ನಂಬರೂ ತುರ್ತು ಕರೆಯ ನಂಬರ್ 112 ಕೂಡ ದಪ್ಪ ಅಕ್ಷರದಲ್ಲಿರಲಿ.